ಹೊಸ ಮನೆ ಕೊಳ್ಳುವ ಮುಂಚೆ ಯಾರನ್ನು ಕರೆದು ತೋರಿಸಬೇಕು? ದಾವಣಗೆರೆಯಲ್ಲಿ ನಮಗಿರುವ ದಾರಿಗಳು

ಕಳೆದ ವರ್ಷ ನನ್ನ ತಮ್ಮ ದಾವಣಗೆರೆಯ ಹದಡಿ ರಸ್ತೆ ಕಡೆ ಹೊಸದಾಗಿ ಕಟ್ಟಿದ ಒಂದು ಮನೆ ನೋಡಿದ. 30×40 ಸೈಟು, ಕೆಳಗೊಂದು ಮೇಲೊಂದು ಮನೆ. ಪೇಂಟ್ ವಾಸನೆ ಇನ್ನೂ ಹೋಗಿರಲಿಲ್ಲ. ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ ಮುಖ ಕಾಣುತ್ತಿತ್ತು. ಅಮ್ಮ ಅಂತೂ ಗೃಹಪ್ರವೇಶ ಯಾವ ತಿಂಗಳು ಅನ್ನುವಲ್ಲಿಗೇ ಹೋಗಿಬಿಟ್ಟಿದ್ದರು.

ನೋಂದಣಿಗೆ ಮುಂಚೆ ಆ ಮನೆಯನ್ನು ಮೂರು ಜನ ನೋಡಿದರು. ಮೊದಲು ಬ್ಯಾಂಕಿನವರು ಕಳಿಸಿದ ಇಂಜಿನಿಯರ್. ಆಮೇಲೆ ನಮ್ಮ ಹಳೇ ಮನೆಗೆ ಕೆಲಸ ಮಾಡಿದ್ದ ಮೇಸ್ತ್ರಿ. ಕೊನೆಗೆ ನಾವೇ ದುಡ್ಡು ಕೊಟ್ಟು ಕರೆದ ಒಬ್ಬ ಸಿವಿಲ್ ಇಂಜಿನಿಯರ್. ಮನೆ ಒಂದೇ, ಮೂವರ ಕಣ್ಣಿಗೆ ಬಿದ್ದದ್ದು ಬೇರೆ ಬೇರೆ. ಯಾರನ್ನು ಯಾವುದಕ್ಕೆ ಕರೆಯಬೇಕು ಅಂತ ನನಗೆ ಸರಿಯಾಗಿ ಗೊತ್ತಾದದ್ದು ಆಗಲೇ. ಮನೆ ಹುಡುಕುತ್ತಿರುವವರಿಗೆ ಉಪಯೋಗವಾಗಲಿ ಅಂತ ಬಿಡಿಸಿ ಬರೆಯುತ್ತಿದ್ದೇನೆ.

ಹೊಸ ಮನೆಗೂ ಇದೆಲ್ಲ ಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಪ್ರಕಾರ ಹೊಸದಕ್ಕೇ ಜಾಸ್ತಿ ಬೇಕು. ಹತ್ತು ವರ್ಷದ ಮನೆ ತನ್ನ ತೊಂದರೆಯನ್ನು ತಾನೇ ತೋರಿಸುತ್ತದೆ. ಸೋರಿದ ಕಲೆ, ಉಬ್ಬಿದ ಬಾಗಿಲು, ಒಡೆದ ಟೈಲ್ಸ್ ಎಲ್ಲಾ ಕಣ್ಣಿಗೆ ಕಾಣುತ್ತದೆ. ಹೊಸ ಮನೆ ಇನ್ನೂ ಒಂದು ಮಳೆಗಾಲ ಕಂಡಿರುವುದಿಲ್ಲ, ಒಂದು ಬೇಸಿಗೆ ಕಂಡಿರುವುದಿಲ್ಲ. ಅದರ ಮೇಲೆ ಪುಟ್ಟಿ, ಪೇಂಟ್ ಎಲ್ಲಾ ಬಳಿದು ಮುಗಿದಿರುತ್ತದೆ.

ಕಾನೂನು ಎಷ್ಟು ಕಾಯುತ್ತದೆ?

ಮೊದಲು ಇದೊಂದು ತಿಳಿದಿರಲಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮನೆ ಸ್ವಾಧೀನಕ್ಕೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ನೀವು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ತನ್ನ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಮಾಡದಿದ್ದರೆ ಪರಿಹಾರ ಕೇಳಬಹುದು. ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಕೊಳ್ಳುವವರಿಗೆ ಇದು ಗಟ್ಟಿ ಆಧಾರ.

ಆದರೆ ನಮ್ಮೂರಲ್ಲಿ ಮಾರಾಟಕ್ಕೆ ಬರುವ ಹೊಸ ಮನೆಗಳಲ್ಲಿ ಒಂಟಿ ಮನೆಗಳೇ ಜಾಸ್ತಿ ಅಲ್ವಾ? ಯಾರೋ ಒಬ್ಬರು ಸೈಟು ತಗೊಂಡು, ಮನೆ ಕಟ್ಟಿಸಿ, ಮಾರುತ್ತಾರೆ. ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಎಂಟಕ್ಕಿಂತ ಹೆಚ್ಚು ಮನೆ ಇಲ್ಲದಿದ್ದರೆ, ರೇರಾ ನೋಂದಣಿ ಕಡ್ಡಾಯವಿಲ್ಲ. 30×40 ಸೈಟು ಅಂದರೆ ಸುಮಾರು 111 ಚದರ ಮೀಟರ್. ಹಾಗಾಗಿ ಇಂಥ ಮನೆ ಕೊಂಡವರು ರೇರಾ ನಂಬಿ ಕೂರುವ ಹಾಗಿಲ್ಲ. ಕೊಳ್ಳುವ ಮುಂಚಿನ ತಪಾಸಣೆ ಮತ್ತು ಒಪ್ಪಂದದಲ್ಲಿ ಬರೆಸಿಕೊಂಡ ಮಾತು, ಇವೆರಡೇ ಅವರ ಕೈಯಲ್ಲಿರುವುದು.

ಬ್ಯಾಂಕಿನ ಇಂಜಿನಿಯರ್ ಬಂದು ಹೋಗಿದ್ದಾರಲ್ಲ?

ನಮ್ಮ ತಮ್ಮನೂ ಇದನ್ನೇ ಹೇಳಿದ. "ಬ್ಯಾಂಕಿನವರೇ ಓಕೆ ಅಂದಿದ್ದಾರೆ, ಇನ್ನೇನು ನೋಡೋದು?" ಅಂದ. ಎಷ್ಟೋ ಜನ ಎಡವುವುದು ಇಲ್ಲೇ.

ಬ್ಯಾಂಕಿನ ಇಂಜಿನಿಯರ್ ಬರುವುದು ಬೆಲೆ ಕಟ್ಟಲು. ನಾಳೆ ನೀವು ಸಾಲ ತೀರಿಸದಿದ್ದರೆ ಈ ಮನೆ ಮಾರಿದಾಗ ಬ್ಯಾಂಕಿನ ದುಡ್ಡು ವಾಪಸ್ ಬರುತ್ತದಾ ಅನ್ನುವುದು ಅವರ ಪ್ರಶ್ನೆ. ಅಳತೆ, ನಾಲ್ಕು ಗಡಿ, ಪ್ಲಾನ್ ಪ್ರಕಾರ ಇದೆಯಾ, ಆ ಏರಿಯಾದಲ್ಲಿ ರೇಟ್ ಎಷ್ಟು, ಇಷ್ಟು ನೋಡುತ್ತಾರೆ. ನಮ್ಮ ಮನೆಗೆ ಬಂದವರು ಟೇಪ್ ಹಿಡಿದು ಅಳೆದರು, ಮುಂದೆ ನಿಂತು ಫೋಟೋ ತೆಗೆದರು, ಅರ್ಧ ಗಂಟೆಯೊಳಗೆ ಹೊರಟರು. ತಾರಸಿಗೆ ಹತ್ತಿದರೂ ಒಂದು ನಲ್ಲಿಯನ್ನೂ ತಿರುಗಿಸಲಿಲ್ಲ. ಅದು ಅವರ ತಪ್ಪಲ್ಲ, ಅವರನ್ನು ಕಳಿಸಿದ್ದು ಆ ಕೆಲಸಕ್ಕಲ್ಲ. ಅವರ ಫೀಸು ನಿಮ್ಮ ಖಾತೆಯಿಂದ ಹೋದರೂ ವರದಿ ಹೋಗುವುದು ಬ್ಯಾಂಕಿಗೆ. ಅದನ್ನು ಮನೆಯ ಆರೋಗ್ಯದ ಸರ್ಟಿಫಿಕೇಟ್ ಅಂತ ದಯವಿಟ್ಟು ತಿಳಿಯಬೇಡಿ.

ಬಿಲ್ಡರ್ ಕಡೆಯ ಇಂಜಿನಿಯರ್ ಕೊಡುವ ಪತ್ರದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕಂಬಿ ಎಷ್ಟು, ಪಾಯ ಎಷ್ಟು ಆಳ ಅನ್ನುವ ಮಾಹಿತಿ ಅವರಿಂದಲೇ ಸಿಗಬೇಕು, ಕೇಳಿ ಪಡೆಯಿರಿ. ಆದರೆ ತಾನು ಮಾಡಿಸಿದ ಕೆಲಸದ ತಪ್ಪನ್ನು ತಾನೇ ಬರೆದುಕೊಡುವವರು ಯಾರು?

ಮೇಸ್ತ್ರಿಯ ಕಿವಿ

ನಮ್ಮ ಮೇಸ್ತ್ರಿ ಬಂದವರೇ ಹಾಲಿನ ನಡುವೆ ಕುಕ್ಕರಗಾಲಲ್ಲಿ ಕೂತರು. ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ಒಂದೊಂದೇ ಟೈಲ್ಸಿನ ನಾಲ್ಕು ಮೂಲೆ, ನಡುಮಧ್ಯ ಕುಟ್ಟುತ್ತಾ ಮುಂದೆ ಸರಿದರು. ಟಕ್, ಟಕ್, ಟಕ್. ಕಿಟಕಿ ಹತ್ತಿರ ಬಂದಾಗ ಸದ್ದು ಬದಲಾಯಿತು. ಡಬ್ ಡಬ್. "ಅಕ್ಕಾರೆ, ಇಲ್ಲಿ ಕಿವಿ ಕೊಡ್ರಿ. ಅಡಿಗೆ ಮಾಲೇ ಬಿದ್ದಿಲ್ಲ ಇಲ್ಲಿ" ಅಂದರು. ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದರು. ಹಾಲ್ ಒಂದರಲ್ಲೇ ಹನ್ನೊಂದು ಟೈಲ್ಸ್ ಟೊಳ್ಳು. ಮಂಚದ ಕಾಲೋ ಬೀರುವೋ ಅದರ ಮೇಲೆ ಬಿದ್ದರೆ ಒಡೆಯುವುದು ಖಂಡಿತ.

ಗೋಡೆಯ ಪ್ಲಾಸ್ಟರನ್ನೂ ಹೀಗೇ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದರು. ಮೂಲೆಗೆ ಮೂಲೆಮಟ್ಟ ಹಿಡಿದರು. ಬಾಗಿಲ ಚೌಕಟ್ಟಿಗೆ ತೂಕದ ಗುಂಡು ಬಿಟ್ಟರು. ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿದು, ನೀರು ಜಾಲರಿ ಕಡೆ ಹರಿಯುತ್ತದೋ ಮೂಲೆಯಲ್ಲಿ ನಿಲ್ಲುತ್ತದೋ ಅಂತ ನಿಂತು ನೋಡಿದರು. ಕೈಕೆಲಸದ ತಪ್ಪು ಹಿಡಿಯುವುದರಲ್ಲಿ ಒಳ್ಳೇ ಮೇಸ್ತ್ರಿಯನ್ನು ಮೀರಿಸುವವರಿಲ್ಲ. ಒಂದು ದಿನದ ಕೂಲಿ ಕೊಟ್ಟರೆ ಖುಷಿಯಿಂದ ಬರುತ್ತಾರೆ.

ಅವರಿಗೆ ಒಂದು ಮಿತಿ ಇದೆ. ಬಿರುಕು ನೋಡಿ "ಇದು ಪ್ಲಾಸ್ಟರ್ ಬಿರುಕು, ಏನಾಗಲ್ಲ ಬಿಡ್ರಿ" ಅನ್ನುವುದು ಅವರ ಅನುಭವದ ಮಾತು. ಹತ್ತರಲ್ಲಿ ಎಂಟು ಸಲ ಅದು ಸರಿಯೇ ಇರಬಹುದು. ಉಳಿದ ಎರಡು ಸಲ ಪಾಯ ಕುಸಿದ ಬಿರುಕಾಗಿದ್ದರೆ? ಕರೆಂಟಿನ ಕೆಲಸ ಅವರ ಕೈಯದಲ್ಲ. ಮತ್ತೆ, ಅವರು ಬರೆದು ಕೊಡುವುದಿಲ್ಲ. ಬಾಯಿ ಮಾತನ್ನು ಬಿಲ್ಡರ್ ಮುಂದೆ ಇಟ್ಟರೆ "ಅವರಿಗೇನು ಗೊತ್ತು" ಅನ್ನುವ ಒಂದೇ ಮಾತಲ್ಲಿ ತಳ್ಳಿ ಹಾಕುತ್ತಾರೆ. ನಮಗೂ ಹಾಗೇ ಆಯಿತು.

ಊರಿನ ಸ್ವತಂತ್ರ ಸಿವಿಲ್ ಇಂಜಿನಿಯರ್

ಅದಾದ ಮೇಲೆ ನಾವು ಸಿವಿಲ್ ಇಂಜಿನಿಯರ್ ಒಬ್ಬರನ್ನು ಕರೆದೆವು. ಅವರು ಮೊದಲು ಮನೆಯೊಳಗೆ ಬರಲೇ ಇಲ್ಲ. ಮನೆಯ ಸುತ್ತ ಎರಡು ಸುತ್ತು ಹಾಕಿದರು. ಹಿಂದಿನ ಗೋಡೆ ಪಕ್ಕ ಕೂತು ಒಂದು ಹಿಡಿ ಮಣ್ಣು ಎತ್ತಿ ಬೆರಳಲ್ಲಿ ತಿಕ್ಕಿದರು. ಕಪ್ಪು ಎರೆಮಣ್ಣು.

ದಾವಣಗೆರೆ ಸುತ್ತ ಹೊಲಗಳಾಗಿದ್ದ ಎಷ್ಟೋ ಜಾಗ ಈಗ ಬಡಾವಣೆ. ಎರೆ ಹೊಲ ಬೇಸಿಗೆಯಲ್ಲಿ ಹೇಗೆ ಬಾಯಿ ಬಿಡುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆ ಬಂದರೆ ಅದೇ ಮಣ್ಣು ನೀರು ಕುಡಿದು ಉಬ್ಬುತ್ತದೆ. ಹೀಗೆ ಉಬ್ಬಿ ಕುಗ್ಗುವ ನೆಲದ ಮೇಲೆ ಪಾಯ ಆಳಕ್ಕೆ ಹೋಗದಿದ್ದರೆ ಮನೆಯ ಒಂದು ಭಾಗ ಮೇಲೇಳುತ್ತದೆ, ಇನ್ನೊಂದು ಕೂರುತ್ತದೆ. ಆಗ ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಚಿತ್ರದುರ್ಗದಲ್ಲಿ ಬಂಡೆ ಮೇಲೆ ಪಾಯ ಹಾಕಿದವರಿಗೆ ಈ ಚಿಂತೆ ಇಲ್ಲ. ನಮಗೆ ಇದೇ ದೊಡ್ಡ ಚಿಂತೆ.

ಅದಕ್ಕೇ ಇಂಜಿನಿಯರ್ ಬಿಲ್ಡರನ್ನು ಕೇಳಿದ ಮೊದಲ ಪ್ರಶ್ನೆ: ಪಾಯ ತೆಗೆದಾಗಿನ ಫೋಟೋ ಇದೆಯಾ? ಎರೆ ದಾಟಿ ಗಟ್ಟಿ ನೆಲ ಮುಟ್ಟಿದ್ದೀರಾ? ಎರೆ ತೆಗೆದು ಗರಸು ತುಂಬಿದ್ದೀರಾ? ಪಾಯದ ಮೇಲೆ ಸುತ್ತಲೂ ಕಂಬಿ ಹಾಕಿದ ಕಾಂಕ್ರೀಟ್ ಪಟ್ಟಿ, ಅಂದರೆ ಪ್ಲಿಂತ್ ಬೀಮ್ ಇದೆಯಾ? ಈ ಫೋಟೋಗಳನ್ನು ನೀವೂ ಕೇಳಿ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಕಟ್ಟುವವರು ಫೋಟೋ ತೆಗೆದೇ ಇರುತ್ತಾರೆ. ನಮಗೆ ತೋರಿಸಿದ ಫೋಟೋದಲ್ಲಿ ಪಾಯ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಬೇರೆ ಕಡೆ. ಸಂಪು ಗೋಡೆಗೆ ಒತ್ತಿಕೊಂಡಿತ್ತು. ಹಿಂದುಗಡೆ ತಾರಸಿಯ ಪೈಪಿನ ನೀರು ನೇರ ಗೋಡೆ ಬುಡಕ್ಕೆ ಬೀಳುತ್ತಿತ್ತು. ಮನೆ ಸುತ್ತ ಕಾಂಕ್ರೀಟ್ ಹಾಸು ಇರಲಿಲ್ಲ. ಎರೆಮಣ್ಣಿಗೆ ಒಂದೇ ಕಡೆ ನೀರು ಕುಡಿಸುತ್ತಾ ಹೋದರೆ ಒಳ್ಳೇ ಪಾಯವನ್ನೂ ಅದು ಅಲ್ಲಾಡಿಸುತ್ತದೆ ಅಂದರು. ಮೇಸ್ತ್ರಿ ಈ ಗೋಡೆ ಪಕ್ಕವೇ ನಿಂತು ಚಹಾ ಕುಡಿದಿದ್ದರು, ಅವರಿಗೆ ಇದು ಹೊಳೆದಿರಲಿಲ್ಲ.

ಆಮೇಲೆ ಒಳಗೆ ಬಂದರು. ಪ್ರತಿ ಪ್ಲಗ್ ಪಾಯಿಂಟಿಗೂ ಒಂದು ಸಣ್ಣ ಟೆಸ್ಟರ್ ಚುಚ್ಚಿ ನೋಡಿದರು. ಗೀಸರ್ ಪಾಯಿಂಟಿನಲ್ಲಿ ಅರ್ಥ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ, ಇರಲಿಲ್ಲ. ಸ್ನಾನದ ಮನೆಯಲ್ಲಿ, ಒದ್ದೆ ಕೈಯಲ್ಲಿ ಮುಟ್ಟುವ ಜಾಗದಲ್ಲಿ ಅರ್ಥ್ ಇಲ್ಲ. ನನಗೆ ಆ ಕ್ಷಣಕ್ಕೆ ಮೈ ಜುಮ್ಮೆಂದಿತು, ತಮ್ಮನ ಮಗಳಿಗೆ ಆರು ವರ್ಷ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ, ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದಾ ಅಂತಲೂ ನೋಡಿದರು. ಮನೆಗಳಿಗೆ 30 ಮಿಲಿ ಆಂಪಿಯರಿನದು ಇರಬೇಕು.

ಪ್ರತಿ ಜಾಲರಿಗೂ ಅರಿಶಿನ ಕಲಸಿದ ನೀರು ಸುರಿಸಿ, ಹೊರಗೆ ಚೇಂಬರ್ ಮುಚ್ಚಳ ತೆಗೆದು ಹಳದಿ ನೀರು ಬರುತ್ತದಾ ನೋಡಿದರು. ಮೇಲಿನ ಮನೆಯ ಬಚ್ಚಲಿನ ಜಾಲರಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗೆರೆ ಎಳೆದು ಬಾಗಿಲು ಹಾಕಿಸಿದರು. 48 ಗಂಟೆ ಬಿಟ್ಟು ಹೋಗಿ ನೋಡಿದರೆ ಕೆಳಗಿನ ಮನೆಯ ಪ್ಯಾಸೇಜ್ ಸೂರಿನಲ್ಲಿ ಅಂಗೈ ಅಗಲ ಒದ್ದೆ. ಪೇಂಟ್ ಮಾಡಿದ ಬಿಳಿ ಸೂರಿನಲ್ಲಿ ಆ ಒದ್ದೆ ಕಂಡ ಮೇಲೆ ಬಿಲ್ಡರೂ ಮಾತಾಡಲಿಲ್ಲ. ಎಷ್ಟು ವಾದ ಮಾಡಿದರೂ ಆಗದ ಕೆಲಸವನ್ನು ಆ ಎರಡು ದಿನದ ನೀರು ಮಾಡಿತು. ಮನೆ ಕೊಳ್ಳುವವರು ಬೇರೆ ಏನೂ ಮಾಡಿಸದಿದ್ದರೂ ಈ ಒಂದು ಪರೀಕ್ಷೆ ಮಾಡಿಸಲೇಬೇಕು.

ಇಂಥ ಇಂಜಿನಿಯರನ್ನು ಆರಿಸುವಾಗ ಹುಷಾರಾಗಿರಬೇಕು. ದಾವಣಗೆರೆ ದೊಡ್ಡ ಊರಾದರೂ ಕಟ್ಟಡದ ಕೆಲಸದವರಿಗೆಲ್ಲ ಒಬ್ಬರಿಗೊಬ್ಬರು ಗೊತ್ತು. ಹಾಗಾಗಿ ಸಂಕೋಚ ಬಿಟ್ಟು ಕೇಳಿ: ಈ ಬಿಲ್ಡರಿಗೆ ನೀವು ಪ್ಲಾನ್ ಮಾಡಿಕೊಟ್ಟಿದ್ದೀರಾ? ಅವರ ಬೇರೆ ಸೈಟಿನ ಕೆಲಸ ನಿಮ್ಮ ಕೈಯಲ್ಲಿದೆಯಾ? ಮಂಜೂರಾದ ಪ್ಲಾನ್ ಮೇಲೆ ಯಾರ ಸೀಲು ಇದೆ ಅಂತ ನೀವೇ ನೋಡಿ, ಅದೇ ಹೆಸರಾದರೆ ಬೇರೆಯವರನ್ನು ಹುಡುಕಿ. ಬ್ರೋಕರ್ ತೋರಿಸಿದ ಇಂಜಿನಿಯರ್ ಬೇಡ. "ರಿಪೇರಿ ಇದ್ದರೆ ನಾನೇ ಮಾಡಿಸಿಕೊಡ್ತೀನಿ" ಅನ್ನುವವರೂ ಬೇಡ, ಅವರಿಗೆ ತಪ್ಪು ಜಾಸ್ತಿ ಕಂಡಷ್ಟೂ ಲಾಭ. ಫೀಸು ಮೊದಲೇ ಇಷ್ಟು ಅಂತ ಮಾತಾಡಿ. ಫೋಟೋ ಸಮೇತ, ಸಹಿ ಹಾಕಿದ ವರದಿ ಕೊಡುತ್ತೀರಾ ಅಂತ ಕೇಳಿ. ಯಾವುದು ಮನೆಗೆ ಬರುವ ಮುಂಚೆಯೇ ಆಗಬೇಕು, ಯಾವುದು ಆಮೇಲೆ ಆದರೂ ಪರವಾಗಿಲ್ಲ ಅಂತ ಅದರಲ್ಲಿ ಬೇರೆ ಮಾಡಿ ಬರೆದಿರಬೇಕು.

ಬೆಂಗಳೂರಿನಿಂದ ಬರುವ ತಪಾಸಣೆ ಕಂಪನಿ

ಮನೆ ತಪಾಸಣೆಯನ್ನೇ ಕೆಲಸ ಮಾಡಿಕೊಂಡಿರುವ ಕಂಪನಿಗಳು ಬೆಂಗಳೂರಿನಲ್ಲಿವೆ. ಸಾಮಾನ್ಯವಾಗಿ ಚದರ ಅಡಿ ಲೆಕ್ಕದಲ್ಲಿ ದರ ಹೇಳುತ್ತಾರೆ. ಬೇರೆ ಊರಿಗೆ ಬರಬೇಕಾದರೆ ಓಡಾಟದ ಖರ್ಚು ಬೇರೆ. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 260 ಕಿಲೋಮೀಟರ್, ಆ ಖರ್ಚು ಸಣ್ಣದಾಗಿರುವುದಿಲ್ಲ.

ಅವರ ಹತ್ತಿರ ಒಳ್ಳೊಳ್ಳೆ ಉಪಕರಣ ಇರುತ್ತವೆ. ಥರ್ಮಲ್ ಕ್ಯಾಮೆರಾ ಗೋಡೆಯೊಳಗಿನ ತೇವವನ್ನು ಬಣ್ಣದ ವ್ಯತ್ಯಾಸದಲ್ಲಿ ತೋರಿಸುತ್ತದೆ. ತೇವದ ಮೀಟರ್ ಅಂಕಿ ಹೇಳುತ್ತದೆ. ಪಟ್ಟಿ ಪ್ರಕಾರ ಒಂದೊಂದು ಕೋಣೆಯನ್ನೂ ಬಿಡದೆ ನೋಡಿ ಹತ್ತಾರು ಪುಟದ ವರದಿ ಕೊಡುತ್ತಾರೆ. ಯಾರ ಮುಲಾಜೂ ಇಲ್ಲ, ಅದು ದೊಡ್ಡ ಅನುಕೂಲ. ರೇರಾ ಮುಂದೆ ದೂರು ಕೊಡಬೇಕಾಗಿ ಬಂದರೆ ಇಂಥ ವರದಿ ಕೈಯಲ್ಲಿರುವುದು ಒಳ್ಳೆಯದು.

ಆದರೆ ಥರ್ಮಲ್ ಕ್ಯಾಮೆರಾಗೆ ಒಣಗಿದ ಗೋಡೆಯಲ್ಲಿ ಏನೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಬಂದು, ನೀರು ನಿಲ್ಲಿಸದೆ, ಫೋಟೋ ತೆಗೆದುಕೊಂಡು ಹೋದರೆ ಸೋರುವ ತಾರಸಿಯೂ ಚೆನ್ನಾಗಿದೆ ಅಂತಲೇ ಬರಬಹುದು. ಅವರನ್ನು ಕರೆಸುವುದಾದರೆ ಎರಡು ದಿನ ಮುಂಚೆ ನೀವೇ ಬಚ್ಚಲಿನಲ್ಲಿ, ತಾರಸಿಯಲ್ಲಿ ನೀರು ನಿಲ್ಲಿಸಿಡಿ. ಇನ್ನೊಂದು, ಮೂವತ್ತು ಪುಟದ ವರದಿಯಲ್ಲಿ ಪೇಂಟ್ ಗೀರು, ಬಾಗಿಲ ಚಿಲಕ ಎಲ್ಲಾ ಸೇರಿರುತ್ತದೆ. ಅರ್ಥ್ ಇಲ್ಲದ ಗೀಸರ್ ಪಾಯಿಂಟ್ ಇಪ್ಪತ್ಮೂರನೇ ಪುಟದಲ್ಲಿ ಅಡಗಿ ಕೂತರೆ ಯಾರಿಗೆ ಕಾಣುತ್ತದೆ?

ಕಾಂಕ್ರೀಟ್ ಪರೀಕ್ಷೆ ಬೇಕಾಗುವುದು ಯಾವಾಗ

ರೀಬೌಂಡ್ ಹ್ಯಾಮರ್ ಅಂತ ಒಂದು ಉಪಕರಣ ಇದೆ. ಪಿಲ್ಲರಿಗೆ ಒತ್ತಿ ಹೊಡೆದರೆ ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ಅಂದಾಜು ಕೊಡುತ್ತದೆ. ಕೆಲವರು ಇದನ್ನು ತೋರಿಸಿಯೇ ಫೀಸು ಜಾಸ್ತಿ ಕೇಳುತ್ತಾರೆ. ಅದು ಅಳೆಯುವುದು ಮೇಲ್ಮೈಯ ಗಡಸುತನವನ್ನು. ಭಾರತೀಯ ಮಾನಕವೇ ಅದರ ಅಂದಾಜಿನಲ್ಲಿ ಶೇ. 25ರಷ್ಟು ಆಚೀಚೆ ಆಗಬಹುದು ಅನ್ನುತ್ತದೆ. ಪ್ಲಾಸ್ಟರ್ ಮೇಲೆ ಹೊಡೆದರೆ ಆ ಅಂಕಿಗೆ ಬೆಲೆಯೇ ಇಲ್ಲ, ಪ್ಲಾಸ್ಟರ್ ಕೆತ್ತಿ ಕಾಂಕ್ರೀಟ್ ತೆರೆಯಬೇಕು. ಮಾರಾಟಕ್ಕಿಟ್ಟ ಮನೆಯಲ್ಲಿ ಅದಕ್ಕೆ ಒಪ್ಪುವವರು ಕಡಿಮೆ.

ಹಾಗಾಗಿ ಎಲ್ಲರಿಗೂ ಇದು ಬೇಡ. ಬೀಮಿನಲ್ಲಿ, ಪಿಲ್ಲರಿನಲ್ಲಿ, ಮೋಲ್ಡಿನ (ಕಾಂಕ್ರೀಟ್ ಸೂರಿನ) ಅಡಿಯಲ್ಲಿ ಬಿರುಕು ಇದ್ದು, ಅದು ಪ್ಲಾಸ್ಟರಿಗಷ್ಟೇ ಅಲ್ಲ ಅಂತ ಇಂಜಿನಿಯರಿಗೆ ಅನುಮಾನ ಬಂದರೆ ಮಾತ್ರ ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ ಇಂಥ ಪರೀಕ್ಷೆ ಮಾಡಿಸಿ. ನಮ್ಮೂರಲ್ಲೇ ಹಳೇ ಹೆಸರಿನ ಇಂಜಿನಿಯರಿಂಗ್ ಕಾಲೇಜುಗಳಿವೆ, ಅವುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿದರೆ ಸರಿಯಾದವರು ಯಾರು ಅಂತ ತಿಳಿಯುತ್ತದೆ. ಬಿಲ್ಡರ್ ಅದಕ್ಕೆ ಒಪ್ಪದಿದ್ದರೆ, ನಾನಾಗಿದ್ದರೆ ಆ ಮನೆ ಬಿಟ್ಟುಬಿಡುತ್ತಿದ್ದೆ.

ದುಡ್ಡು ಕೈಯಲ್ಲಿರುವಾಗಲೇ

ಯಾರನ್ನು ಕರೆಯುತ್ತೀರಿ ಅನ್ನುವಷ್ಟೇ ಯಾವಾಗ ಕರೆಯುತ್ತೀರಿ ಅನ್ನುವುದೂ ಮುಖ್ಯ. ನೋಂದಣಿ ಆಗಿ, ಪೂರ್ತಿ ದುಡ್ಡು ಕೊಟ್ಟು, ಹಾಲು ಉಕ್ಕಿಸಿದ ಮೇಲೆ ಇಂಜಿನಿಯರ್ ಕರೆಸುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಬಿಲ್ಡರ್ ಫೋನ್ ಎತ್ತುವುದು ನಿಮ್ಮ ಬಾಕಿ ಇನ್ನೂ ಉಳಿದಿರುವ ತನಕ.

ನಾವು ಮುಂಗಡ ಕೊಟ್ಟಿದ್ದೆವು, ಒಪ್ಪಂದದಲ್ಲಿ ತಪಾಸಣೆಯ ಮಾತೇ ಇರಲಿಲ್ಲ. ಅದಕ್ಕಾಗಿ ಹದಿನೈದು ದಿನ ಎಳೆದಾಡಬೇಕಾಯಿತು. ನೀವು ಮೊದಲೇ ಬರೆಸಿಕೊಳ್ಳಿ: ನೋಂದಣಿಗೆ ಮುಂಚೆ ನಮ್ಮ ಇಂಜಿನಿಯರ್ ಬಂದು ನೋಡುತ್ತಾರೆ, ಅವರು ಬರೆದ ದೋಷಗಳನ್ನು ಇಷ್ಟು ದಿನದೊಳಗೆ ಸರಿಮಾಡಿಕೊಡಬೇಕು, ಸರಿಮಾಡಿದ್ದನ್ನು ಅವರೇ ಇನ್ನೊಮ್ಮೆ ನೋಡುತ್ತಾರೆ, ಒಂದು ಮಳೆಗಾಲ ಮುಗಿಯುವ ತನಕ ಸೋರಿಕೆಗೆ ಬಿಲ್ಡರೇ ಹೊಣೆ. ರೇರಾ ವ್ಯಾಪ್ತಿಯ ಫ್ಲ್ಯಾಟ್ ಆದರೆ ನೋಂದಾಯಿತ ಒಪ್ಪಂದ ಇಲ್ಲದೆ ಶೇ. 10ಕ್ಕಿಂತ ಜಾಸ್ತಿ ಮುಂಗಡ ಕೇಳುವಂತೆಯೇ ಇಲ್ಲ. ಅದೂ ನೆನಪಿರಲಿ.

ನಾನು ಹೇಳುವುದಾದರೆ

ಒಂಟಿ ಮನೆ, ಸಣ್ಣ ಸೈಟು, ಊರಿನವರೇ ಕಟ್ಟಿದ್ದು ಅಂದರೆ ಸ್ವತಂತ್ರ ಸಿವಿಲ್ ಇಂಜಿನಿಯರ್ ಒಬ್ಬರು, ಅವರ ಜೊತೆ ನಿಮ್ಮ ನಂಬಿಕೆಯ ಮೇಸ್ತ್ರಿ. ಇಬ್ಬರನ್ನೂ ಒಂದೇ ದಿನ ಕರೆಯಿರಿ, ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಕೂಡಿಕೊಳ್ಳುತ್ತದೆ. ಕಟ್ಟಡ ಇನ್ನೂ ನಡೆಯುತ್ತಿರುವಾಗಲೇ ಬುಕ್ ಮಾಡಿದ್ದರೆ ಇನ್ನೂ ಒಳ್ಳೆಯದು. ಮೋಲ್ಡ್ ಹಾಕುವ ಹಿಂದಿನ ದಿನ ಕಂಬಿ ನೋಡಲು, ಪ್ಲಾಸ್ಟರಿಗೆ ಮುಂಚೆ ಪೈಪ್, ವೈರಿಂಗ್ ನೋಡಲು ಅದೇ ಇಂಜಿನಿಯರನ್ನು ಕರೆಯಿರಿ. ಕ್ಯೂರಿಂಗ್ ಬಗ್ಗೆಯೂ ಕೇಳಿ. ನಮ್ಮ ಬಿಸಿಲಿಗೆ, ಈಗ ಹೆಚ್ಚಿನವರು ಬಳಸುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ 14 ದಿನ ನೀರು ಹಾಕುವುದು ಸರಿ. ಮೂರು ದಿನ ಹಾಕಿ ಬಿಟ್ಟ ಮೋಲ್ಡನ್ನು ಆಮೇಲೆ ಪೇಂಟ್ ಮಾಡಿ ಮುಚ್ಚಬಹುದು, ಗಟ್ಟಿ ಮಾಡಲಾಗುವುದಿಲ್ಲ.

ಅಪಾರ್ಟ್‌ಮೆಂಟಿನ ಫ್ಲ್ಯಾಟ್ ಆದರೆ, ಅದರಲ್ಲೂ ಒಂದೇ ಕಟ್ಟಡದಲ್ಲಿ ನಾಲ್ಕೈದು ಜನ ಪರಿಚಯದವರು ಕೊಳ್ಳುತ್ತಿದ್ದರೆ, ಸೇರಿಕೊಂಡು ಬೆಂಗಳೂರಿನ ಕಂಪನಿ ಕರೆಸಬಹುದು. ಓಡಾಟದ ಖರ್ಚು ಹಂಚಿಹೋಗುತ್ತದೆ. ಲಿಫ್ಟ್, ತಾರಸಿ, ಟ್ಯಾಂಕ್ ಎಲ್ಲರದೂ ಆದ್ದರಿಂದ ಒಟ್ಟಾಗಿ ಕೇಳಿದರೆ ಮಾತಿಗೂ ತೂಕ ಬರುತ್ತದೆ. ಊರಲ್ಲಿ ಇಲ್ಲದವರು, ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕೂತು ಅಪ್ಪ ಅಮ್ಮನಿಗೆ ಮನೆ ಕೊಡಿಸುವವರಿಗೂ ಇದೇ ವಾಸಿ. ಫೋಟೋ ಸಮೇತ ಎಲ್ಲಾ ಕೈಗೆ ಬರುತ್ತದೆ.

ಯಾವುದಕ್ಕೂ ಖರ್ಚು ಮಾಡಲಾಗದ ಸ್ಥಿತಿ ಇದ್ದರೆ, ಮೇಸ್ತ್ರಿ ಒಬ್ಬರು, ಎಲೆಕ್ಟ್ರಿಷಿಯನ್ ಒಬ್ಬರು, ಮತ್ತೆ ಎರಡು ದಿನ ನಿಲ್ಲಿಸಿದ ನೀರು. ಇಷ್ಟಾದರೂ ಆಗಲಿ.

ನಮ್ಮ ತಮ್ಮನ ಮನೆಯಲ್ಲಿ ಬಚ್ಚಲಿನ ಟೈಲ್ಸ್ ಪೂರ್ತಿ ಕಿತ್ತು ವಾಟರ್‌ಪ್ರೂಫಿಂಗ್ ಮತ್ತೆ ಮಾಡಿದರು. ಗೀಸರ್ ಪಾಯಿಂಟಿಗೆ ಅರ್ಥ್ ಎಳೆದರು. ಹಿಂದುಗಡೆ ಪೈಪನ್ನು ಚರಂಡಿವರೆಗೆ ತಂದು, ಮನೆ ಸುತ್ತ ಎರಡೂವರೆ ಅಡಿ ಕಾಂಕ್ರೀಟ್ ಹಾಸಿದರು. ಹನ್ನೊಂದು ಟೈಲ್ಸಿನಲ್ಲಿ ಒಂಬತ್ತು ಬದಲಾದವು. ಇದೆಲ್ಲ ಮುಗಿಯಲು ಒಂದು ತಿಂಗಳ ಮೇಲಾಯಿತು, ಅಮ್ಮ ನೋಡಿಟ್ಟಿದ್ದ ಮುಹೂರ್ತ ತಪ್ಪಿತು.

ಮಲಗುವ ಕೋಣೆಯ ಕಿಟಕಿ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಒಂದು ಉಳಿದಿದೆ. ಇಂಜಿನಿಯರ್ ಅದರ ಎರಡು ತುದಿಗೂ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದಿದ್ದರು. ಗೆರೆ ದಾಟಿ ಬಿರುಕು ಮುಂದೆ ಹೋದರೆ ಫೋನ್ ಮಾಡಿ ಅಂದಿದ್ದರು. ಮಳೆಗಾಲ ಮುಗಿದ ಮೇಲೆ ತಮ್ಮ ಫೋಟೋ ಕಳಿಸಿದ್ದ. ಬಿರುಕು ಎರಡು ಗೆರೆಯ ಒಳಗೇ ಇತ್ತು.